ಹೊಸ್ತಿಲಾಚೆ ಚಾಚಿದ ಕೈ

ಬೋಗ್ನಾ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು!

ಕಣ್ಣಿನ ಆಸ್ಪತ್ರೆಯ ಪರೀಕ್ಷಾ ಕೋಣೆಯ ಬಾಗಿಲಲ್ಲಿ ನಿಂತಿದ್ದ ಆ ಎತ್ತರದ ಮನುಷ್ಯ ಅವಳ ಮುಖವನ್ನೇ ನೋಡುತ್ತಾ ಮುಗುಳ್ನಕ್ಕ. ಕೈಯನ್ನು ಮಾತ್ರ ಮುಟ್ಟಲಿಲ್ಲ.

'ಹೊಸ್ತಿಲ ಮೇಲೆ ಕೈ ಕೊಟ್ಟರೆ ಜಗಳವಾಗುತ್ತೆ ಅನ್ನೋ ಅಜ್ಜಿ ಕಾಲದವನು... ಇಲ್ಲಾ ಬರೀ ಜಂಬ' ಎಂದುಕೊಂಡಳು. ಲುಬ್ಲಿನ್ ಪಟ್ಟಣದಲ್ಲೇ ಹುಟ್ಟಿ ಬೆಳೆದವಳಿಗೆ ಆ ಶಾಸ್ತ್ರ ಗೊತ್ತಿಲ್ಲದ್ದೇನಲ್ಲ. ಆದರೂ ಅವಮಾನವಾಯಿತು.

ಕಡತ ತೆರೆದವಳು ನಾಲಿಗೆ ಕಚ್ಚಿಕೊಂಡಳು. ಕಯೆತಾನ್, ಮೂವತ್ತೇಳು ವರ್ಷ. ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಅಂಚಿನಿಂದ ಸಾಯುತ್ತಾ ಬಂದಿತ್ತು. ಉಳಿದಿದ್ದು ನಟ್ಟನಡುವಿನ ಒಂದು ಬಟ್ಟಲಿನಷ್ಟು ನೋಟ. ಈಗ ಅದಕ್ಕೂ ಪೊರೆ ಕವಿದಿತ್ತು. ಪಾಪ, ಅವನು ಅವಳ ಕೈಯನ್ನು ಕಂಡೇ ಇರಲಿಲ್ಲ!

ಅವನು ಹೆಗಲಿಗೆ ತೂಗುಹಾಕಿ ನುಡಿಸುವ ಹಾರ್ಮೋನಿಯಂನಂಥ ಅಕಾರ್ಡಿಯನ್ ವಾದ್ಯ ರಿಪೇರಿ ಮಾಡುವವನು. ಕೂದಲೆಳೆಯಷ್ಟು ಲೋಹ ಉಜ್ಜಿ ಸ್ವರ ಕೂಡಿಸುವ ಕೆಲಸ. ಆರು ತಿಂಗಳಿಂದ ಅಂಗಡಿಗೆ ಬೀಗ ಬಿದ್ದಿತ್ತು.

ಪೊರೆ ತೆಗೆಯಬಹುದು, ಆದರೆ ತೆಗೆದ ಮೇಲೆ ಕಾಣುತ್ತದೆಯೇ? ಅದನ್ನು ಮೊದಲೇ ಅಂದಾಜು ಮಾಡುವುದು ಬೋಗ್ನಾಳ ಕೆಲಸ. ಪೊರೆಯನ್ನು ತೂರಿ ಹೋಗುವ ಬೆಳಕಿನಿಂದ ಕಣ್ಣೊಳಗೆ ಕೆಂಪು ಗೆರೆಗಳನ್ನು ಮೂಡಿಸಿ, ಯಾವ ಕಡೆಗೆ ಓರೆ ಎಂದು ಕೇಳಬೇಕು. ಎಷ್ಟು ಸಣ್ಣ ಗೆರೆ ಗುರುತಿಸುತ್ತಾನೋ ಅಷ್ಟು ನೋಟ ಮರಳೀತು ಎಂದು ಲೆಕ್ಕ.

ಒಂದೊಂದು ತಪಾಸಣೆಗೆ ಒಂದೊಂದು ದಿನ ಎಂದು ನಾಲ್ಕು ಸಲ ಬಂದ. ಬಂದಾಗಲೆಲ್ಲ ಗಸಗಸೆ ಉದುರಿಸಿದ ಈರುಳ್ಳಿ ರೊಟ್ಟಿ ತಂದು ಅವಳಿಗೆ ಅರ್ಧ ಮುರಿದುಕೊಟ್ಟ. ಆ ರೊಟ್ಟಿ ತಿನ್ನುತ್ತಲೇ ಮನಸ್ಸು ಯಾವಾಗ ಜಾರಿತೋ, ಪುಣ್ಯಾತ್ಗಿತ್ತಿಗೆ ತಿಳಿಯಲೇ ಇಲ್ಲ.

ಗೆರೆಗಳ ಪರೀಕ್ಷೆ ಕೊನೆಯ ಸಲಕ್ಕಿತ್ತು. ಎಡಕ್ಕೆ ಎಂದ, ಸರಿ. ನೇರ ಎಂದ, ಅದೂ ಸರಿ. ಅತಿ ಸಣ್ಣ ಗೆರೆಯನ್ನೂ ತಪ್ಪಿಲ್ಲದೆ ಹೇಳಿದ!

ಆಗಲೇ ಅವಳಿಗೆ ಅನುಮಾನ ಹುಟ್ಟಿತು. 'ಸ್ವರ ಕೂಡಿಸುವವನ ಕಿವಿ... ಸರಿಯುತ್ತರ ಗೊತ್ತಿರುವ ನನ್ನ ಧ್ವನಿ ಹಿಡಿದೇ ಹೇಳಿದ್ದರೆ?' ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಪ್ರೀತಿಸಿದವಳ ಅಂದಾಜು ನಂಬಿ ಅವನು ಆಪರೇಷನ್ ಮಾಡಿಸಿಕೊಂಡು, ಕೊನೆಗೆ ಏನೂ ಕಾಣದಿದ್ದರೆ?

ಆಪರೇಷನ್ ಮಾಡಬೇಕಿದ್ದ ಡಾಕ್ಟರ್ ವಿಸ್ಲಾವಾ ಬಳಿಗೆ ನೇರವಾಗಿ ಹೋದಳು.

"ಇವರ ಪರೀಕ್ಷೆ ನಾನು ಮಾಡಬಾರದು ಡಾಕ್ಟರ್. ಇವರಿಗೆ ಕಾಣಲೇಬೇಕು ಅಂತ ನನಗೆ ಆಸೆ ಇದೆ."

ಕೋಣೆಯಲ್ಲಿ ಈರುಳ್ಳಿ ವಾಸನೆ ಶುರುವಾದಾಗಲೇ ತನಗಿದು ಗೊತ್ತಿತ್ತು ಎಂದು ಡಾಕ್ಟರ್ ಛೇಡಿಸಿದರು. ಮರುದಿನ ತಾವೇ ಪರೀಕ್ಷೆ ಮಾಡಿದರು. ಅದೇ ಫಲಿತಾಂಶ ಬಂತು. ಆದರೂ ಅಂದಾಜು ಅಂದಾಜೇ.

ಕಯೆತಾನ್‌ಗೆ ತಿಳಿದದ್ದು ಒಂದೇ: ಬೋಗ್ನಾ ತನ್ನ ಪರೀಕ್ಷೆ ಬೇಡವೆಂದಳಂತೆ. ಅವನ ಮುಖ ಸಪ್ಪಗಾಯಿತು. ಆಪರೇಷನ್ ದಿನ ರೊಟ್ಟಿಯೂ ಬರಲಿಲ್ಲ, ಮಾತೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಪಟ್ಟಿ ಬಿಚ್ಚಿದರು. ಬೋಗ್ನಾ ಗೋಡೆಗೆ ಕಿವಿಯಿಟ್ಟು ನಿಂತಳು. ಅವನು ಫಲಕದ ದೊಡ್ಡ ಅಕ್ಷರ ಓದಿದ. ಮುಂದಿನ ಸಾಲು... ಅದರ ಕೆಳಗಿನದು... ಅದರ ಕೆಳಗಿನದೂ!

ಅಬ್ಬಾ! ಅವಳು ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟಳು. ಎಷ್ಟೋ ದಿನಗಳ ಭಾರ ಇಳಿದುಹೋಯಿತು.

ಸ್ವಲ್ಪ ಹೊತ್ತಿಗೆ ಅವನು ಅವಳ ಕೋಣೆಯ ಬಾಗಿಲಿಗೆ ಬಂದ.

"ನನ್ನನ್ನ ಬೇಡ ಅಂದ್ರಂತೆ ಮೇಡಂ."

ಅವಳು ಬಿಕ್ಕುತ್ತಲೇ ತನ್ನ ಭಯವನ್ನೆಲ್ಲ ಹೇಳಿದಳು. ಅವನು ಜೋರಾಗಿ ನಕ್ಕುಬಿಟ್ಟ.

"ಕೇಳುವಾಗ ನಿಮ್ಮ ಧ್ವನಿ ಒಣಕಟ್ಟಿಗೆ ಥರ ಇರ್ತಿತ್ತು. ಅದರಲ್ಲಿ ಏನು ಸಿಗುತ್ತೆ? ನಾನು ಸರಿಯಾಗಿ ಹೇಳಿದ ಮೇಲೆ ಮಾತ್ರ ಒಂದು ಉಸಿರು ಬಿಡ್ತಿದ್ರಿ. ಆ ಉಸಿರು ಕೇಳೋಕೆ ಅಂತಾನೇ ಕಷ್ಟಪಟ್ಟು ಗೆರೆ ನೋಡ್ತಿದ್ದೆ."

ಅವಳು ಕೈ ಚಾಚಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ರೆಟಿನಾದ ಸತ್ತ ಅಂಚು ಮರಳಿ ಬರುವುದಿಲ್ಲವೆಂಬುದು ನೆನಪಾಗಿ, ಕೈಯನ್ನು ಮೆಲ್ಲಗೆ ಅವನ ಕಣ್ಣ ಮುಂದಕ್ಕೆ ಎತ್ತಿದಳು.

"ಕಾಣಿಸ್ತು," ಎಂದ ಅವನು. "ಬೆರಳಿಗಂಟಿದ ಶಾಯಿ ಕೂಡ. ಆದ್ರೆ ಹೊಸ್ತಿಲ ಮೇಲೆ ಕೈ ಕೊಡಲ್ಲ. ನಿಮ್ಮ ಜೊತೆ ಜಗಳ ನನಗೆ ಬೇಡ."

ಬೋಗ್ನಾ ಹೊಸ್ತಿಲು ದಾಟಿ ಅವನ ಪಕ್ಕ ಬಂದು ನಿಂತಳು.

"ಈಗ ಕೊಡ್ತೀರಾ?"

"ಒಂದು ಕೈ ಸಾಕಾ, ಬೋಗ್ನಾ?"

"ಎರಡೂ ಕೊಡು," ಎಂದಳು.