ನಲವತ್ತು ನಿಮಿಷ ಹೆಚ್ಚಿಗೆ

"ಸುಮುಖ ಅರ್ಧಕ್ಕೆ ಬಿಟ್ಟ ಪಾಠ ನಾನು ಮುಗಿಸ್ಬೇಕು."

ವೆಸ್ಟ್‌ಮೀಡ್‌ನ ಫ್ಲ್ಯಾಟ್ ಬಾಗಿಲಲ್ಲಿ ಗಂಡ ಸುಮುಖನ ಊದ್ ಎಂಬ ತಂತಿವಾದ್ಯ ಹೊತ್ತು ನಿಂತ ಅಹಲ್ಯಾಳನ್ನು ಕಂಡು, ಅವನಿಗೆ ಅದನ್ನು ಕಲಿಸುತ್ತಿದ್ದ ಆಲ್ರಾಯ್‌ನ ಮುಖ ಬಿಳಿಚಿತು. ಸುಮುಖ ಸತ್ತು ಮೂರೇ ತಿಂಗಳು. ಇಲ್ಲಿ ಪಾಠ ಮುಗಿಸಿ ಸ್ಕೋಫೀಲ್ಡ್ಸ್‌ನ ತನ್ನ ಮನೆಗೆ ಹೊರಟವನ ಕಾರಿಗೆ, ಸಿಗ್ನಲ್ ಮುರಿದು ಬಂದ ಟ್ರಕ್ ಬಡಿದಿತ್ತು.

ಅವಳು ಬಂದದ್ದು ಕಲಿಯುವುದಕ್ಕಲ್ಲ, ಈ ಮನುಷ್ಯನನ್ನು ಬೈಯುವುದಕ್ಕೆ! ಆ ದಿನದ ಪಾಠ ಸುಮುಖನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಸಮಯ ಮುಗಿದರೂ ಆಲ್ರಾಯ್ "ಇನ್ನೊಮ್ಮೆ... ಇನ್ನೊಮ್ಮೆ" ಎನ್ನುತ್ತಾ ನಲವತ್ತು ನಿಮಿಷ ಹೆಚ್ಚಿಗೆ ಕೂರಿಸಿದ್ದ. ಹೊತ್ತಿಗೆ ಸರಿಯಾಗಿ ಬಿಟ್ಟಿದ್ದರೆ?

ಕೇಳಿಯೇ ಬಿಡಬೇಕೆಂದು ಪ್ರತಿ ಶನಿವಾರ ಬಂದಳು. ಕೇಳಲಾಗಲಿಲ್ಲ. ಪಾಠ ಮಾತ್ರ ನಡೆಯಿತು.

"ರಾಸ್ತ್‌ನ ಪಂಚಮದ ಮೇಲೆ ನಿಲ್ಲಿ. ಅಲ್ಲಿಂದ್ಲೇ ಹಿಜಾಜ್‌ಗೆ ಹೋಗ್ಬೇಕು."

ಎರಡೂ ಅರಬ್ ಸಂಗೀತದ ಮಕಾಮ್‌ಗಳು, ನಮ್ಮ ರಾಗಗಳಿದ್ದ ಹಾಗೆ.

"ರಾಗ ಕೆಡಲ್ವಾ?"

ಮೈಸೂರಿನಲ್ಲಿ ಹತ್ತು ವರ್ಷ ವೀಣೆ ಕಲಿತವಳಿಗೆ, ಒಂದು ರಾಗದೊಳಗೆ ಇನ್ನೊಂದು ನುಸುಳಿದರೆ ಅದು ತಪ್ಪೇ. ರಾಸ್ತ್ ಮುಗಿಸಿ, ಉಸಿರು ಬಿಟ್ಟು, ಹಿಜಾಜನ್ನು ಬೇರೆಯಾಗಿ ಶುರು ಮಾಡುತ್ತಿದ್ದಳು. ಸುಮುಖನೂ ಅಲ್ಲೇ ಒದ್ದಾಡಿದ್ದ.

"ನಿಲ್ಸುದಲ್ಲ ಮಾರಾಯ್ರೆ! ಪಂಚಮ ಎರಡಕ್ಕೂ ಸೇರಿದ್ದು. ಅದನ್ನು ಹಿಡ್ಕೊಂಡೇ ದಾಟ್ಬೇಕು. ಮತ್ತೆ ರಾಸ್ತ್‌ಗೇ ವಾಪಸ್ ಬರ್ಲಿಕ್ಕುಂಟು," ಎನ್ನುತ್ತಿದ್ದ, ಕುವೈತ್‌ನಲ್ಲಿ ಬೆಳೆದ ಆ ಮಂಗಳೂರಿನವನು.

ಎಂಟನೇ ತಿಂಗಳು ಅವಳು ದಾಟಿದಳು, ಮರಳಿದಳು. ಎಲ್ಲಿ ದಾಟಿದೆನೆಂದು ಅವಳಿಗೇ ತಿಳಿಯಲಿಲ್ಲ! ಖುಷಿಗೆ ಅವನ ಕೈ ಹಿಡಿದವಳು ಬಿಡಲೇ ಇಲ್ಲ.

'ಛೀ! ಯಾರ ಕೈ ಹಿಡಿದಿದ್ದೀಯೇ?' ಮನಸ್ಸು ಉಗಿದರೂ ಬೆರಳು ಕೇಳಲಿಲ್ಲ.

ಅವನೇ ಬಿಡಿಸಿಕೊಂಡ. ಮುಂದಿನ ಶನಿವಾರ ಫ್ಲ್ಯಾಟ್ ಖಾಲಿ. 'ಮೆಲ್ಬರ್ನ್‌ಗೆ ಬಂದೆ. ಕ್ಷಮಿಸಿ.' ಇಷ್ಟೇ ಮೆಸೇಜ್.

'ಗಂಡ ಸತ್ತವಳು ಅಂತ ಬೇಡವಾದೆನೇ?' ಎರಡು ವಾರ ಅತ್ತಳು. ಆಮೇಲೆ ಅವನ ಅಕ್ಕನ ವಿಳಾಸ ಹುಡುಕಿ ಫ್ಲೈಟ್ ಬುಕ್ ಮಾಡಿದಳು.

ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿ ಆ ಅಕ್ಕ ವಿಯೋಲಾಳ ಹಿತ್ತಿಲಲ್ಲಿ ಅವನು ಬಟ್ಟೆ ಒಣಹಾಕುತ್ತಿದ್ದ. ಗಡ್ಡ ಬೆಳೆದಿತ್ತು.

"ಬೇಡ ಅಂದ್ರೆ ಮುಖ ನೋಡಿ ಹೇಳ್ಬೇಕಿತ್ತು!"

"ಬೇಡ ಅಂತಲ್ಲ ಅಹಲ್ಯಾ..." ಅವನ ದನಿ ಒಡೆಯಿತು. "ಆ ದಿವಸ ಸುಮುಖನನ್ನು ನಲವತ್ತು ನಿಮಿಷ ಕೂರಿಸಿದ್ದು ನಾನೇ. ಹೊತ್ತಿಗೆ ಬಿಟ್ಟಿದ್ರೆ ಅವ ಬದುಕ್ತಿದ್ದ."

"ಗೊತ್ತು."

"ಎಂತ?"

"ಮೊದಲನೇ ದಿನದಿಂದ ಗೊತ್ತು. ರೆಕಾರ್ಡಿಂಗ್ ಕೇಳಿಕೊಂಡೇ ಬಂದಿದ್ದೆ."

ಆಲ್ರಾಯ್ ಸಿಡಿದ. "ಎಂಟು ತಿಂಗಳು! ನಾನು ಒಳಗೊಳಗೇ ಬೇಯುದನ್ನು ನೋಡ್ತಾ ಕೂತಿದ್ರಾ?"

"ಹೌದು. ಬೇಯಲಿ ಅಂತಾನೇ ಕೂತಿದ್ದೆ." ಅವಳು ಕಣ್ಣೀರು ಒರೆಸಿಕೊಳ್ಳಲಿಲ್ಲ. "ಆಮೇಲೆ ನೋಡಕ್ಕಾಗ್ಲಿಲ್ಲ. ನಂಗೆಲ್ಲ ಗೊತ್ತು, ಕೊರಗ್ಬೇಡಿ ಅಂತ ಹೇಳೋಣ ಅಂದ್ರೆ, ಸುಮುಖನಿಗೆ ಮೋಸ ಮಾಡ್ತಿದೀನಿ ಅನ್ನಿಸೋದು..."

ಕೈಯಲ್ಲಿದ್ದ ಒದ್ದೆ ಟವೆಲನ್ನು ತಂತಿಗೆ ಹಾಕಿ ಅವನು ಅವಳ ಕಡೆ ತಿರುಗಿದ.

"ನನ್ನನ್ನು ಕ್ಷಮಿಸಿದ್ರಾ?"

"ಇನ್ನೂ ಪೂರ್ತಿ ಇಲ್ಲ. ಕ್ಷಮಿಸೋಕೆ ಮುಂಚೇನೇ ಪ್ರೀತಿಸಿಬಿಟ್ಟೆ... ಏನ್ಮಾಡ್ಲಿ?"

ಆಲ್ರಾಯ್ ಅತ್ತುಬಿಟ್ಟ.

"ಕೆಲವು ದಿನ ಸಿಟ್ಟು ಬರುತ್ತೆ ಆಲ್ರಾಯ್. ನಿಮ್ಮ ಮುಖ ನೋಡಕ್ಕೂ ಆಗಲ್ಲ. ಅವತ್ತು ನೀವು ಓಡಿ ಹೋಗ್ಬಾರ್ದು."

"ಮುಖ ನೋಡ್ಲಿಕ್ಕೆ ಆಗದಿದ್ರೂ ಇರ್ಬೇಕಾ?"

"ಪಕ್ಕದ ರೂಮಲ್ಲಾದ್ರೂ ಇರಿ."

"ಇರ್ತೇನೆ," ಎಂದ ಅವನು.