ಮ್ಯಾಕ್ನಾಬರ ಮದುವೆ ಪೀಪಾಯಿ

ಪೀಪಾಯಿಯಿಂದ ಬಂದದ್ದು ವಿಸ್ಕಿಯಲ್ಲ, ನೀರು.

ಆರ್ಚಿ ಮ್ಯಾಕ್ನಾಬ್ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಣ್ಣವೇನೋ ತಿಳಿ ಚಹಾದ ಹಾಗೆ ಚೆನ್ನಾಗಿಯೇ ಇತ್ತು. ಮೂಸಿದ. ಮತ್ತೆ ಮೂಸಿದ. ಒಂದು ಗುಟುಕು ಬಾಯಿಗೆ ಹಾಕಿಕೊಂಡವನು ಥೂ ಎಂದು ನೆಲಕ್ಕೆ ಉಗಿದ.

"ತೊರೆ ನೀರು! ಇಪ್ಪತ್ತೇಳು ವರ್ಷ ಕಾದಿದ್ದಕ್ಕೆ ತೊರೆ ನೀರು!"

ಮಗಳು ಉನಾ ಲೋಟ ಕಿತ್ತುಕೊಂಡು ತಾನೂ ಮೂಸಿದಳು. ಮುಖ ಬಿಳುಚಿಕೊಂಡಿತು. ಅವಳ ಅಜ್ಜ ಡೂಗಲ್, ಎಂಬತ್ನಾಲ್ಕರ ಮುದುಕ, ಕೋಲೂರಿಕೊಂಡು ಬಾಗಿಲ ಬಳಿಯೇ ನಿಂತಿದ್ದ. ಲೋಟದ ಕಡೆ ಕೈ ಚಾಚಲಿಲ್ಲ.

ಶುಕ್ರವಾರ ಬೆಳಗ್ಗೆ ಹನ್ನೊಂದು ಗಂಟೆ. ಬಾಲ್‌ವೋರಿ ವಿಸ್ಕಿ ಭಟ್ಟಿಯ ಒಂದನೇ ಗೋದಾಮು. ಮಾರನೆಯ ದಿನ ಮಧ್ಯಾಹ್ನ ಉನಾಳ ಮದುವೆ.

ಸಾರ್ಜೆಂಟ್ ಎಲ್ಸ್‌ಪೆತ್ ಗಿಲ್‌ಕ್ರಿಸ್ಟ್ ಅಲ್ಲಿಗೆ ಬಂದದ್ದು ಪೊಲೀಸಳಾಗಿ ಅಲ್ಲ, ಮನೆಯವಳ ಹಾಗೆ, ಬೆಣ್ಣೆ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು. ಅವಳ ಅಪ್ಪ ಈ ಭಟ್ಟಿಯಲ್ಲಿ ಡೂಗಲ್‌ನ ಕೈಕೆಳಗೆ ಪೀಪಾಯಿ ಕಟ್ಟುತ್ತಿದ್ದವನು. ಈ ಪೀಪಾಯಿಯನ್ನು ಕಟ್ಟಿದ್ದೂ ಅವರಿಬ್ಬರೇ. ಉನಾ ಹುಟ್ಟಿದ ವಾರ ಕಟ್ಟಿ, ತುಂಬಿ, ಬಿರಡೆಯ ಮೇಲೆ ಸೀಸದ ಮುದ್ರೆ ಒತ್ತಿ, ಬಿಳಿ ಬಣ್ಣದಲ್ಲಿ ಮಗುವಿನ ಹೆಸರು ಬರೆದಿದ್ದರು. ಮದುವೆಯ ಹಿಂದಿನ ದಿನ ಅದರ ಮುದ್ರೆ ಒಡೆಯಬೇಕು. ಮದುವೆಯ ದಿನ ಗಂಡು ಹೆಣ್ಣು ಇಬ್ಬರೂ ಒಂದೇ ಕ್ವೇಖ್‌ನ, ಆ ಎರಡು ಹಿಡಿಯ ಮರದ ಬಟ್ಟಲಿನ, ಆಚೆ ಈಚೆ ಹಿಡಿದು ಮೊದಲ ಗುಟುಕು ಕುಡಿಯಬೇಕು. ಪೀಪಾಯಿ ಒಡೆಯದೆ ಮ್ಯಾಕ್ನಾಬರ ಮನೆಯಲ್ಲಿ ಮದುವೆ ನಡೆದದ್ದೇ ಇಲ್ಲ.

"ಇದು ಅವನದೇ ಕೆಲಸ," ಆರ್ಚಿ ಗುಡುಗಿದ. "ಆ ಮ್ಯಾಕ್ನೀಷ್!"

"ಅಪ್ಪಾ! ನಾಳೆ ನನ್ನ ಕೈಹಿಡಿಯೋ ಹುಡುಗ ಫಿನ್ಲೇ."

"ನಾನೂರು ವರ್ಷದ ಹಿಂದೆ ಕ್ರಿಸ್‌ಮಸ್‌ಗೆ ಅಂತ ತರ್ತಿದ್ದ ನಮ್ಮ ವಿಸ್ಕೀನ ದಾರೀಲಿ ಅಡ್ಡಹಾಕಿ ದೋಚಿದ್ದು ಯಾರು? ಅವನ ಕುಲದ ನೀಷ್‌ಗಳೇ ತಾನೆ? ರಕ್ತ ಎಲ್ಲಿ ಹೋಗತ್ತೆ?"

"ಅದಕ್ಕೇ ನಮ್ಮವರು ದೋಣೀನ ಹೆಗಲ ಮೇಲೆ ಹೊತ್ತು ಗುಡ್ಡ ದಾಟಿ ಅವರ ದ್ವೀಪಕ್ಕೆ ಹೋಗಿ ತಲೆ ತೆಗೆದರಲ್ಲ. ಅಷ್ಟು ಸಾಲಲಿಲ್ವಾ?"

ಎಲ್ಸ್‌ಪೆತ್ ಡಬ್ಬಿಯನ್ನು ಕೆಳಗಿಟ್ಟಳು. "ಆರ್ಚಿ, ನಾನೂರು ವರ್ಷದ ಹಿಂದಿನ ಕೇಸು ನನ್ನ ಠಾಣೆಗೆ ಬರಲ್ಲ. ಈ ವಾರದ್ದು ಏನಾದ್ರೂ ಇದ್ರೆ ಹೇಳು."

"ಇದೆ. ಮಂಗಳವಾರ ಫಿನ್ಲೇ ವ್ಯಾನು ಈ ಗೋದಾಮಿನ ಹಿಂದೆ ನಿಂತಿತ್ತು. ನನ್ನ ಕಂಡಿದ್ದೇ ತಡ, ಅದೇನೋ ಒಳಗೆ ತುರುಕಿ ಓಡಿಸ್ಕೊಂಡು ಹೋದ."

ಉನಾ ಗಕ್ಕನೆ ಅಪ್ಪನ ಕಡೆ ತಿರುಗಿದಳು. ಅದು ಅವಳಿಗೂ ಗೊತ್ತಿರಲಿಲ್ಲ.

ಆಗ ಡೂಗಲ್ ಬಾಯಿಬಿಟ್ಟ. "ಮದುವೆ ಮುಂದಕ್ಕೆ ಹಾಕೋಣ. ಹೊಸ ಪೀಪಾಯಿ ತುಂಬೋಣ. ಹನ್ನೆರಡು ವರ್ಷ ಸಾಕು."

"ಹನ್ನೆರಡು ವರ್ಷಾನಾ ಅಜ್ಜ!" ಉನಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮುದುಕ ಹಿಡಿದ ಮೊಲಕ್ಕೆ ಮೂರೇ ಕಾಲು. ಆ ಕಣಿವೆಯಲ್ಲಿ ಅಂಥವರನ್ನು 'ಥ್ರಾನ್' ಎನ್ನುತ್ತಾರೆ. ಆ ಪದ ಹುಟ್ಟಿದ್ದೇ ನನ್ನ ಗಂಡನನ್ನು ನೋಡಿ ಎಂದು ಡೂಗಲ್‌ನ ಹೆಂಡತಿ ಬದುಕಿರುವವರೆಗೂ ಹೇಳುತ್ತಿದ್ದಳು.

"ಹನ್ನೆರಡೋ ಇಪ್ಪತ್ತೋ, ಕಳ್ಳನ ಮನೆಗೆ ನಾನು ಹೆಣ್ಣು ಕೊಡಲ್ಲ," ಎಂದ ಆರ್ಚಿ. "ಪಾದ್ರಿಗೆ ಫೋನ್ ಮಾಡ್ತೀನಿ."

"ಐದು ಗಂಟೆವರೆಗೆ ತಡೆ," ಎಂದಳು ಎಲ್ಸ್‌ಪೆತ್. "ಅಷ್ಟರೊಳಗೆ ಕಳ್ಳನ್ನ ಹಿಡಿದುಕೊಡದಿದ್ರೆ ಆಮೇಲೆ ಯಾರಿಗೆ ಬೇಕಾದ್ರೂ ಫೋನ್ ಮಾಡು."

* * *

ಗಂಡಸರಿಬ್ಬರೂ ಹೊರಟುಹೋದರು. ಉನಾ ಹೋಗಲಿಲ್ಲ. ಗೋದಾಮಿನ ಉಸ್ತುವಾರಿ ಅವಳದೇ. ಸಾವಿರ ಪೀಪಾಯಿಗಳ ಜಾತಕ ಅವಳ ಬಾಯಲ್ಲಿತ್ತು. ಮೂಸಿ ನೋಡಿ ವಯಸ್ಸು ಹೇಳುವ ವಿದ್ಯೆ ಕಲಿಸಿದವನು ಅಜ್ಜ.

"ಬೀಗದ ಕೈ ಎಷ್ಟಿವೆ?"

"ಮೂರು. ಅಪ್ಪಂದು, ನಂದು, ಅಜ್ಜಂದು. ನಂದು ಯಾವಾಗ್ಲೂ ಆಫೀಸಿನ ಮೊಳೇಲಿ ನೇತಾಡ್ತಿರತ್ತೆ. ಫಿನ್ಲೇಗೂ ಗೊತ್ತು."

ಸೀಸದ ಮುದ್ರೆಯನ್ನು ಆರ್ಚಿ ಎಲ್ಲರ ಕಣ್ಣೆದುರಿಗೇ ಒಡೆದಿದ್ದ. ಅದುವರೆಗೆ ಅದು ಅಲುಗಿರಲಿಲ್ಲ. ಹಾಗಾದರೆ ವಿಸ್ಕಿ ಹೋದದ್ದೆಲ್ಲಿಂದ?

ಪೀಪಾಯಿ ಎರಡನೇ ಸಾಲಿನಲ್ಲಿ, ಎದೆಯೆತ್ತರದಲ್ಲಿ ಅಡ್ಡಡ್ಡ ಮಲಗಿತ್ತು. ಎಲ್ಸ್‌ಪೆತ್ ಕನ್ನಡಕ ಏರಿಸಿಕೊಂಡು ಕಬ್ಬಿಣದ ಬಳೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಬಳೆ ಇಪ್ಪತ್ತೇಳು ವರ್ಷ ಒಂದೇ ಕಡೆ ಕೂತರೆ ಮರದ ಮೇಲೆ ತುಕ್ಕಿನ ಗೆರೆ ಬೀಳುತ್ತದೆ. ಮೂರನೇ ಬಳೆ ತನ್ನ ಗೆರೆಯಿಂದ ಒಂದು ಬಾರ್ಲಿ ಕಾಳಿನಷ್ಟು ಆಚೆ ಕೂತಿತ್ತು.

"ಸುತ್ತಿಗೆ ಕೊಡು ಮಗಳೇ."

ಪೀಪಾಯಿಯ ಸುತ್ತ ತಟ್ಟುತ್ತಾ ಬಂದಳು. ಬಳೆ ಸಡಿಲವಾಗಿ ತುದಿಯ ಕಡೆ ಸರಿಯಿತು. ಅದರಡಿ ಎರಡು ತೂತುಗಳಿದ್ದವು, ಮೇಲೊಂದು, ಕೆಳಗೊಂದು. ಎರಡಕ್ಕೂ ಓಕ್ ಮರದ ಬೆಣೆ ಹೊಡೆದಿತ್ತು.

"ನೋಡು. ಕೆಳಗಿನ ತೂತಿಂದ ವಿಸ್ಕಿ ಇಳಿಸಿದಾರೆ. ಅದನ್ನ ಮುಚ್ಚಿ ಮೇಲಿನದರಿಂದ ನೀರು ಹಾಕಿದಾರೆ. ಬೆಣೆ ಜಡಿದು, ಬಳೆ ವಾಪಸ್ಸು ಕೂರಿಸಿದಾರೆ. ಮೈಮೇಲೆ ಒಂದು ಗೀರು ಕೂಡ ಇಲ್ಲ."

"ಫಿನ್ಲೇ ಹತ್ರ ಬೈರಿಗೆ ಇದೆ," ಎಂದಳು ಉನಾ, ಕೇಳಿಸುವಷ್ಟು ಮಾತ್ರ. "ಮರದ ಕೆಲಸದವನು, ಇರದೆ ಇರತ್ತಾ? ಆಂಟೀ, ಅವನಲ್ಲ. ಅವನಾಗಿದ್ರೆ ನಾನು ಏನು ಮಾಡ್ಲಿ?"

ಎಲ್ಸ್‌ಪೆತ್ ಕೆಳಗಿನ ತೂತಿನ ಕಡೆ ಬಗ್ಗಿದಳು. ಬೆಣೆಯ ಅಂಚಿನಲ್ಲಿ ಒಣಗಿದ ಜೊಂಡಿನ ಎಳೆಯೊಂದು ಇಣುಕುತ್ತಿತ್ತು. ಅದನ್ನು ಚಿವುಟಿ ಜೇಬಿಗೆ ಹಾಕಿಕೊಂಡಳು. ಅಂಥ ಎಳೆಯನ್ನು ಅವಳು ಮೊದಲೂ ಕಂಡಿದ್ದಳು. ಆದರೆ ಪೊಲೀಸರ ಮುಖದಲ್ಲಿ ಅದೆಲ್ಲ ಕಾಣಬಾರದು.

ಗೋದಾಮಿನ ಮೂಲೆಯಲ್ಲಿ ನೆಲ ತೊಳೆಯುವ ನಲ್ಲಿಯಿತ್ತು. ಪೀಪಾಯಿಗೂ ಅದಕ್ಕೂ ಹತ್ತು ಹೆಜ್ಜೆ. ಅವಳು ನಲ್ಲಿಯನ್ನು ನೋಡಿದಳು. ಕಿಟಕಿಯಾಚೆ, ಅಂಗಳ ದಾಟಿ, ಇಳಿಜಾರಿನ ಕೆಳಗೆ ಕಂದು ಬಣ್ಣಕ್ಕೆ ಹರಿಯುವ ತೊರೆಯನ್ನೂ ನೋಡಿದಳು.

* * *

ಫಿನ್ಲೇ ಮ್ಯಾಕ್ನೀಷ್‌ನ ಕಾರ್ಖಾನೆ ಕಣಿವೆಯ ಸರೋವರದ ಆ ತುದಿಯಲ್ಲಿ, ಎಂಟು ಮೈಲಿ ಆಚೆ. ಹಾಕಿಯಂಥ ಶಿಂಟಿ ಆಟದ ಕೋಲುಗಳನ್ನು ಮಾಡುವುದು ಅವನ ಕಸುಬು. ಕೆಂಪು ಗಡ್ಡದ ತುಂಬ ಮರದ ಪುಡಿ. ಎಲ್ಸ್‌ಪೆತ್‌ಳನ್ನು ಕಂಡವನೇ ಮೇಜಿನ ಮೇಲಿದ್ದ ಏನನ್ನೋ ಗೋಣಿಚೀಲದಿಂದ ಮುಚ್ಚಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಿದೆಯಲ್ಲ ಇದು, ಎಂದುಕೊಂಡಳು.

"ಮಂಗಳವಾರ ಗೋದಾಮಿನ ಹಿಂದೆ ಏನು ಮಾಡ್ತಿದ್ದೆ?"

"ಅದನ್ನ ನಾಳೆ ಹೇಳ್ತೀನಿ ಮೇಡಂ."

"ನಾಳೆ ನಿನಗೆ ಮದುವೆ ಇರಲ್ಲಪ್ಪ. ಇವತ್ತು ಹೇಳು."

ವಿಷಯ ತಿಳಿದು ಅವನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತ. ಬಳಿಕ ತಾನೇ ಗೋಣಿ ತೆಗೆದ. ಅಡಿಯಲ್ಲಿದ್ದದ್ದು ಒಂದು ಕ್ವೇಖ್. ಹಳೆಯ ಪೀಪಾಯಿಯ ಹಲಗೆಯಿಂದ ಕೊರೆದದ್ದು. ಒಂದು ಹಿಡಿಯ ಮೇಲೆ ಮ್ಯಾಕ್ನಾಬ್ ಎಂದಿತ್ತು, ಇನ್ನೊಂದರ ಮೇಲೆ ಮ್ಯಾಕ್ನೀಷ್.

"ಅಜ್ಜ ಕಟ್ಟಿದ ಪೀಪಾಯಿಯ ಹಲಗೇನೇ ಬೇಕಿತ್ತು. ಅಂಗಳದ ಮೇಸ್ತ್ರಿ ಹತ್ರ ಒಂದು ಮುರುಕಲು ಕೇಳಿ ತಗೊಂಡೆ. ಮಾವ ಬಂದುಬಿಟ್ರು. ಗುಟ್ಟು ರಟ್ಟಾಗತ್ತೆ ಅಂತ ಓಡಿಬಂದೆ. ಅಜ್ಜನ ಕೈಯಿಂದ ಇದರಲ್ಲಿ ಒಂದು ಗುಟುಕು ಈಸ್ಕೋಬೇಕು ಅಂತ ಆಸೆ. ಅವರು ಇನ್ನೂ ನನ್ನ ಹೆಸರು ಹಿಡಿದು ಕರೆದಿಲ್ಲ ಮೇಡಂ. 'ಆ ಆಚೆ ತುದಿಯವನು' ಅಂತಾರೆ."

ಎಲ್ಸ್‌ಪೆತ್ ಮೂಲೆಯಲ್ಲಿದ್ದ ಮಳೆನೀರಿನ ಹಳೆಯ ಪೀಪಾಯಿಯನ್ನು ತೋರಿಸಿದಳು. "ಇದರ ಬಳೆ ಬಿಚ್ಚು ನೋಡೋಣ."

ಫಿನ್ಲೇ ಸುತ್ತಿಗೆ ತೆಗೆದುಕೊಂಡು ಬಳೆಗೆ ಹೊಟ್ಟೆಯ ಕಡೆಗೆ ನಾಲ್ಕು ಹೊಡೆದ. ಬಳೆ ಇನ್ನೂ ಬಿಗಿಯಿತು. ಮತ್ತೆ ನಾಲ್ಕು ಹೊಡೆದ. ಹಲಗೆಯ ಮೇಲೆ ಸುತ್ತಿಗೆಯ ಗುರುತು ಬಿತ್ತು.

"ಸಾಕು ಬಿಡು ಮಾರಾಯ. ಎಂಟೂವರೆಗೆಲ್ಲ ಮಲಗಿಬಿಡು ಇವತ್ತು. ಮದುವೆ ಗಂಡಿನ ಕಣ್ಣು ಕೆಂಪಗಿರಬಾರದು."

* * *

ಸಂಜೆ ಐದಕ್ಕೆ ಗೋದಾಮಿನಲ್ಲಿ ಎಲ್ಲರೂ ಸೇರಿದರು. ಬೇಸಿಗೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಆರ್ಚಿ ಫೋನು ಕೈಯಲ್ಲೇ ಹಿಡಿದಿದ್ದ. ಫಿನ್ಲೇ ಬಾಗಿಲಾಚೆ ನಿಂತಿದ್ದ. ಡೂಗಲ್ ಒಂದು ಪೆಟ್ಟಿಗೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದ.

"ಕಳ್ಳನ ಬಗ್ಗೆ ನನಗೆ ಕೆಲವು ವಿಷಯ ಗೊತ್ತಾಗಿದೆ," ಎಂದಳು ಎಲ್ಸ್‌ಪೆತ್. "ಬಳೆ ಕಳಚಿ ಕೂರಿಸೋದರಲ್ಲಿ ಪಳಗಿದ ಕೈ ಅದು. ಫಿನ್ಲೇ ಕೈಲಿ ಅದು ಆಗಲ್ಲ, ಮಧ್ಯಾಹ್ನ ನಾನೇ ಪರೀಕ್ಷೆ ಮಾಡಿದೀನಿ. ಮಂಗಳವಾರ ಅವನು ಬಂದಿದ್ದು ಒಂದು ಮುರುಕಲು ಹಲಗೆಗೆ. ಮೇಸ್ತ್ರೀನ ಕೇಳಿದೆ, ಕೊಟ್ಟಿದ್ದು ನಿಜ ಅಂದ."

"ಬೇರೆ ಯಾರನ್ನಾದ್ರೂ ಕರ್ಕೊಂಡು ಬಂದಿರಬಹುದು," ಎಂದ ಆರ್ಚಿ.

"ಇರಬಹುದು. ಆದ್ರೆ ಕದ್ದು ಹೋಗೋನು ಪೀಪಾಯಿಗೆ ನೀರು ಯಾಕೆ ತುಂಬ್ತಾನೆ?"

"ಗೊತ್ತಾಗದೆ ಇರಲಿ ಅಂತ."

"ಹಾಗಾದ್ರೆ ಹತ್ತು ಹೆಜ್ಜೆಗೆ ನಲ್ಲಿ ಇತ್ತಲ್ಲ? ಅದನ್ನ ಬಿಟ್ಟು ಇಳಿಜಾರು ಇಳಿದು, ತೊರೆಯಿಂದ ಬಕೆಟ್ಟು ಬಕೆಟ್ಟು ಹೊತ್ತು ತಂದಿದಾನೆ. ಯಾಕೆ? ನಲ್ಲಿ ನೀರಿನ ಔಷಧದ ವಾಸನೆ ಓಕ್ ಮರಕ್ಕೆ ಹಿಡಿದ್ರೆ ಪೀಪಾಯಿ ಕೆಟ್ಟುಹೋಗತ್ತೆ. ಖಾಲಿ ಬಿಟ್ರೆ ಒಣಗಿ ಬಿರುಕು ಬಿಡತ್ತೆ. ವಿಸ್ಕಿ ಕದ್ದ ಮೇಲೂ ಪೀಪಾಯಿಗೆ ನೋವಾಗಬಾರದು ಅಂತ ಒದ್ದಾಡಿದಾನೆ ಪುಣ್ಯಾತ್ಮ. ಅಂಥ ಕಳ್ಳ ಎಲ್ಲಿ ಸಿಗ್ತಾನೆ?"

ಆರ್ಚಿ ಫೋನು ಹಿಡಿದ ಕೈ ಕೆಳಗಿಳಿಸಿದ.

ಅವಳು ಜೇಬಿನಿಂದ ಜೊಂಡಿನ ಎಳೆ ತೆಗೆದಳು. "ಬೆಣೆ ಸುತ್ತ ಇದನ್ನ ಸುತ್ತಿತ್ತು, ಒಂದು ಹನಿ ಸೋರದ ಹಾಗೆ. ನಮ್ಮಪ್ಪ ಹೀಗೇ ಮಾಡ್ತಿದ್ದ. ಆಗಸ್ಟಿನಲ್ಲಿ ಸರೋವರದ ದಡದಿಂದ ಜೊಂಡು ಕೊಯ್ದು ಒಣಗಿಸೋರು ಈಗ ಈ ಕಣಿವೇಲಿ ಒಬ್ಬರೇ ಉಳಿದಿರೋದು. ನಮ್ಮಪ್ಪನಿಗೆ ಕಲಿಸಿದವರೂ ಅವರೇ."

ಉನಾ ನಿಧಾನಕ್ಕೆ ಅಜ್ಜನ ಕಡೆ ತಿರುಗಿದಳು.

"ಹೋದ ಭಾನುವಾರ ಚರ್ಚಲ್ಲಿ ನಿಮ್ಮ ಜಾಗ ಖಾಲಿ ಇತ್ತು ಡೂಗಲ್ ಮಾಮ. ಮೊಣಕಾಲು ನೋವು ಅಂದ್ರಿ. ಊರೆಲ್ಲ ಚರ್ಚಲ್ಲಿ, ನೀವೊಬ್ಬರೇ ಇಲ್ಲಿ. ಆ ನೋವು ಶುರುವಾಗಿದ್ದು ಬಕೆಟ್ಟು ಹೊತ್ತ ಮೇಲೆ, ಅಲ್ವಾ? ಇನ್ನೊಂದು ಮಾತು. ಹಾಲು ತಂದ್ರೂ ಮೂಸಿ ನೋಡೋ ಮನುಷ್ಯ ನೀವು. ಬೆಳಗ್ಗೆ ಆ ಲೋಟ ಮಾತ್ರ ಕೇಳಲೇ ಇಲ್ಲ. ಒಳಗಿರೋದು ನೀರು ಅಂತ ಮೂಸದೇ ಗೊತ್ತಿದ್ದದ್ದು ನಿಮಗೊಬ್ಬರಿಗೇ."

"ಅಪ್ಪಾ?" ಆರ್ಚಿ ಮುದುಕನ ಮುಂದೆ ಬಂದು ನಿಂತ. "ವಿಸ್ಕಿ ಎಲ್ಲಿ?"

"ಅದನ್ನ ನಾನು ಹೇಳ್ತೀನಿ," ಎಂದಳು ಎಲ್ಸ್‌ಪೆತ್. "ಸುಂಕ ಕಟ್ಟದ ವಿಸ್ಕಿ ಗೋದಾಮಿನ ಹೊಸಿಲು ದಾಟಬಾರದು. ಐವತ್ತು ವರ್ಷ ಆ ಕಾನೂನು ಕಾಯ್ದ ಮನುಷ್ಯ, ಸ್ವಂತ ವಿಸ್ಕೀನೇ ಕದ್ದರೂ ಅದನ್ನ ಮಾತ್ರ ಮುರಿಯಲ್ಲ."

ಕೆಳಗೆ ಗೋಡೆಗೆ ಸಾಲಾಗಿ ಮಲಗಿಸಿದ್ದ ಖಾಲಿ ಪೀಪಾಯಿಗಳ ಮೇಲೆ ಅವಳು ಗೆಣ್ಣಿನಿಂದ ಬಡಿಯುತ್ತಾ ಹೋದಳು. ಡಣ್. ಡಣ್. ಡಣ್. ಐದನೆಯದು ದಪ್ಪಗೆ ದಬ್ ಎಂದಿತು.

ಉನಾ ಓಡಿಹೋಗಿ ಬಿರಡೆ ಕಿತ್ತು ಮೂಗಿಟ್ಟಳು. ಕಣ್ಣು ಮುಚ್ಚಿದಳು. "ಇದೇ. ಇದು ನಂದೇ."

"ಒಳ್ಳೆ ಶೆರ್ರಿ ಪೀಪಾಯೀನೇ ಹುಡುಕಿ ಹಾಕಿದೀನಿ," ಎಂದು ಗೊಣಗಿದ ಡೂಗಲ್. "ಒಂದು ಹನಿ ಚೆಲ್ಲಿಲ್ಲ."

"ಯಾಕಜ್ಜ? ಅವನು ನೀಷ್ ಅಂತಲಾ?"

"ಅಯ್ಯೋ, ನೀಷ್ ಆದರೇನು, ಯಾರಾದರೇನು! ಅವನ ಮೇಲೆ ಕಳ್ಳತನ ಬೀಳತ್ತೆ ಅಂತ ಎಣಿಸಿರಲಿಲ್ಲ. ನಿಮ್ಮಪ್ಪ ಕೂಗಾಡಿದ, ನನಗೆ ಬಾಯಿ ಬರಲಿಲ್ಲ." ಮುದುಕ ಕೋಲಿನ ತುದಿಯನ್ನೇ ನೋಡುತ್ತಿದ್ದ. "ಎಂಟು ಮೈಲಿ, ಉನಾ. ನೀನು ಅಲ್ಲಿಗೆ ಹೋದ ಮೇಲೆ ಈ ಪೀಪಾಯಿಗಳನ್ನ ಯಾರು ನೋಡ್ತಾರೆ? ನಿನ್ನ ಮೂಗು ನಿಮ್ಮಪ್ಪನಿಗಿಲ್ಲ. ಬೆಳಗ್ಗೆ ಎಂಟಕ್ಕೆ ಬಂದು ನಾನ್ಯಾರ ಹತ್ರ ಜಗಳ ಆಡ್ಲಿ? ಮದುವೆಯಾದ ಮೇಲೆ ನಿಮ್ಮಜ್ಜೀನೂ ಕೆಲಸ ಬಿಟ್ಟಿದ್ದಳು, ನಿಮ್ಮಮ್ಮನೂ ಬಿಟ್ಟಿದ್ದಳು."

"ನಾನು ಬಿಡ್ತೀನಿ ಅಂತ ಯಾರು ಹೇಳಿದ್ದು?"

ಡೂಗಲ್ ತಲೆಯೆತ್ತಿದ.

"ಸೋಮವಾರ ಬೆಳಗ್ಗೆ ಎಂಟಕ್ಕೆ ನಾನು ಇಲ್ಲೇ ಇರ್ತೀನಿ ಮುದುಕಪ್ಪ! ಎಂಟು ಮೈಲಿ ಕಾರಲ್ಲಿ ಕಾಲು ಗಂಟೆ ದಾರಿ. ಯಾರನ್ನಾದ್ರೂ ಒಂದು ಮಾತು ಕೇಳಬಾರದಿತ್ತಾ?"

"ಕೇಳಲಿಲ್ಲ," ಎಂದ ಮುದುಕ. "ಹೂಂ, ಬಿಡ್ತೀನಿ ಅಂದುಬಿಟ್ರೆ ಅಂತ ಹೆದರಿಕೆ ಆಯ್ತು."

ಉನಾ ಅವನ ಕುತ್ತಿಗೆ ತಬ್ಬಿಕೊಂಡಳು. ಆರ್ಚಿ ಫೋನನ್ನು ಜೇಬಿಗೆ ಹಾಕಿ, ಬಾಗಿಲಾಚೆ ಹೋಗಿ, ಫಿನ್ಲೇಯ ಮುಂದೆ ಕೈ ಚಾಚಿದ. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಕೈ ಮಾತ್ರ ಬಹಳ ಹೊತ್ತು ಕುಲುಕಿದ.

"ಕೇಸು?" ಎಂದು ಕೇಳಿದ ಡೂಗಲ್, ಎಲ್ಸ್‌ಪೆತ್‌ಗೆ ಮುಖ ಕೊಡದೆ.

"ಗೋದಾಮಿನ ವಿಸ್ಕಿ ಗೋದಾಮಲ್ಲೇ ಇದೆ. ಏನಂತ ಕೇಸು ಬರೀಲಿ? ಆದ್ರೆ ಒಬ್ಬ ಒಳ್ಳೆ ಹುಡುಗನ ಹೆಸರಿಗೆ ಒಂದಿಡೀ ದಿನ ಮಸಿ ಹತ್ತಿತ್ತು. ಅದಕ್ಕೆ ಶಿಕ್ಷೆ ಉಂಟು. ಒಂದು ಹೊಸ ಪೀಪಾಯಿ ಕಟ್ಟಿ. ನಿಮ್ಮ ಕೈಯಾರೆ."

* * *

ಶನಿವಾರ ಡೂಗಲ್ ತಾನೇ ಕ್ವೇಖ್ ತುಂಬಿ, 'ಮ್ಯಾಕ್ನೀಷ್' ಎಂದಿದ್ದ ಹಿಡಿಯನ್ನು ಉನಾಳ ಕಡೆಗೂ 'ಮ್ಯಾಕ್ನಾಬ್' ಎಂದಿದ್ದ ಹಿಡಿಯನ್ನು ಹುಡುಗನ ಕಡೆಗೂ ತಿರುಗಿಸಿ ಕೊಟ್ಟ. ಫಿನ್ಲೇಯ ಕಣ್ಣು ಕೆಂಪಾಯಿತು. ಎಂಟೂವರೆಗೆ ಮಲಗಿದ್ದು ಏನೂ ಪ್ರಯೋಜನವಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಎಲ್ಸ್‌ಪೆತ್ ಶಿಕ್ಷೆ ಮುಗಿಯಿತೇ ಎಂದು ನೋಡಲು ಗೋದಾಮಿಗೆ ಬಂದಳು. ಹೊಸ ಪೀಪಾಯಿ ಆಗಲೇ ತುಂಬಿತ್ತು. ಸೀಸದ ಮುದ್ರೆಯೂ ಬಿದ್ದಿತ್ತು. ಉನಾ ಬಣ್ಣದ ಡಬ್ಬಿ ಹಿಡಿದಿದ್ದಳು, ಮುದುಕ ಕುಂಚ ಹಿಡಿದು ಬೈಯುತ್ತಿದ್ದ.

"ಅಲ್ಲಾಡಿಸಬೇಡ ಅಂದೆನಲ್ಲ! ಮದುವೆಯಾದ ಮೇಲೆ ನಿನ್ನ ಕೈಯೇ ನೆಟ್ಟಗಿಲ್ಲ."

"ಯಾವ ಮಗುವಿಗಜ್ಜ ಇದು? ಇನ್ನೂ ಹುಟ್ಟೇ ಇಲ್ಲ, ಆಗಲೇ ಹೆಸರಾ?"

"ಹೆಸರಿಗೆ ಜಾಗ ಬಿಟ್ಟಿದೀನಿ. ಅದು ನಿಮಗೆ ಸೇರಿದ್ದು. ಆಗ ನನ್ನ ಕೈ ಆಡತ್ತೋ ಇಲ್ಲವೋ, ನನಗೆ ಸೇರಿದ್ದು ಇವತ್ತೇ ಬರೆದುಬಿಡ್ತೀನಿ."

ಮೊದಲು ಒಂದು ಗೇಣು ಜಾಗ ಖಾಲಿ ಬಿಟ್ಟು, ಡೂಗಲ್ ಮ್ಯಾಕ್ನಾಬ್ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರವಾಗಿ ಬರೆದ: ಮ್ಯಾಕ್ನೀಷ್.