ಎರಡೇ ಸೀಟಿನ ಹಸಿರು ಕಾರು

ಗುಬ್ಬಿ ಊರಿನ ಒಂದು ತಗಡಿನ ಶೆಡ್ಡಿನ ಮುಂದೆ, ಮಾರಾಟಕ್ಕಿದ್ದ ಹಳೇ ಸ್ಪಿಟ್‌ಫೈರ್ ಕಾರಿಗೆ ಒರಗಿ ನಿಂತವನನ್ನೇ ಯಶಸ್ವಿನಿ ಮಾಲೀಕ ಅಂದುಕೊಂಡಳು. ಬಂದವಳೇ ಶುರು ಹಚ್ಚಿಕೊಂಡಳು. ಟಾಪ್ ಸಲೀಸಾಗಿ ಮಡಚುತ್ತಾ, ಆರ್‌ಸಿ ಸರಿಯಿದೆಯಾ, ಮಳೇಲಿ ಎಷ್ಟು ಸೋರುತ್ತೆ. ಅವನು ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟ. ಕೊನೆಗೆ, ಇಷ್ಟು ಮುದ್ದಾದ ಕಾರನ್ನ ಮಾರೋಕೆ ಮನಸ್ಸಾದರೂ ಹೇಗೆ ಬಂತು ಅಂತ ಕೇಳಿದಾಗ ತುಟಿಯಂಚಲ್ಲೇ ನಕ್ಕ.

"ನಂದಲ್ಲ ಕಣ್ರೀ. ಮಾಲೀಕರು ಊಟಕ್ಕೆ ಹೋಗವ್ರೆ. ನಾನು ಅವರ ಎಮ್ಮೆಗೆ ಇಂಜೆಕ್ಷನ್ ಹಾಕೋಕೆ ಬಂದೋನು."

"ಮತ್ತೆ ಇಷ್ಟೊತ್ತೂ?"

"ನೀವು ಕೇಳ್ತಾ ಇದ್ರಿ. ನಡುವೆ ಎದ್ದು ಹೋಗೋಕೆ ಮನಸ್ಸು ಬರ್ಲಿಲ್ಲ."

ಅವನು ದನದ ಡಾಕ್ಟರ್ ಷಡಕ್ಷರಿ. ಅಪ್ಪನ ಹಳೇ ಜೀಪನ್ನ ಬಿಚ್ಚಿ ಜೋಡಿಸಿ ಬೆಳೆದವನು. ಕಾಲಡಿಯ ಮ್ಯಾಟ್ ಎತ್ತಿ ತೋರಿಸಿದ. ತುಕ್ಕು ತಿಂದ ತೂತಿನಲ್ಲಿ ಗರಿಕೆ ಹುಲ್ಲು ಇಣುಕುತ್ತಿತ್ತು. ಪೆಟ್ರೋಲ್ ಖರ್ಚಿಲ್ಲ, ಕಾಲು ಹೊರಗೆ ಹಾಕಿ ನಡ್ಕೊಂಡೇ ಹೋಗ್ಬೋದು ಅಂದ. ತುಂಬಾ ದಿನಗಳ ಮೇಲೆ ಅವಳು ನಕ್ಕಳು. ತನ್ನ ನಗು ತನಗೇ ಅಪರಿಚಿತವಾಗಿ ಕೇಳಿಸಿತು.

ಯಶಸ್ವಿನಿ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಡಿಸೈನ್ ಇಂಜಿನಿಯರ್. ತುಮಕೂರಿನ ಮಹಡಿ ಮನೆಯಲ್ಲಿ ಅಜ್ಜಿ ರಂಗಲಕ್ಷ್ಮಮ್ಮನ ಜೊತೆ ಇದ್ದಳು. ಅಜ್ಜಿ ಹೋದ ಮೇಲೆ ಒಬ್ಬಳೇ. ಅಜ್ಜಿಯ ಕತೆಗಳಲ್ಲಿ ಸೂರಿಲ್ಲದ ಗಾಳಿಬಂಡಿಯೊಂದಿತ್ತು. ಅದರಲ್ಲಿ ಕೂತ ಹುಡುಗಿಗೆ ತಲೆ ಮೇಲೆ ಆಕಾಶ ಬಿಟ್ಟರೆ ಇನ್ಯಾರ ಹಂಗೂ ಇರಲಿಲ್ಲ. ಕತೆ ಹೇಳುವಾಗ ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಂತಿತು ಅಂತಲೇ ಅಜ್ಜಿಯ ಕಾನೂನು. ಈಗ ಆ ಮನೆಯಲ್ಲಿ ಏನು ಹೇಳಿಕೊಂಡರೂ ಹೂಂ ಅನ್ನುವವರಿರಲಿಲ್ಲ. ಕುಕ್ಕರ್ ಕೂಗಿದರೆ ಯಾರೋ ಕರೆದಂತಾಗಿ ತಿರುಗಿ ನೋಡುವಳು.

ಗಾಳಿಬಂಡಿ ಬೇಕು ಅಂತ ಹಟ ಹುಟ್ಟಿದ್ದು ಆಗಲೇ. ಟಾಪ್ ತೆಗೆಯೋ ಹಳೇ ಇಂಗ್ಲಿಷ್ ಕಾರು, ಎರಡೇ ಸೀಟು. ಸೋದರಮಾವ ಶಿವಮೂರ್ತಿ ತಲೆ ಚಚ್ಚಿಕೊಂಡರು. ಮದುವೆ ವಯಸ್ಸಿಗೆ ಬಂದಿರೋಳು ಗುಜರಿ ಹುಡುಕ್ಕೊಂಡು ಅಲೀತಾಳೆ ಅಂತ ನೆಂಟರಲ್ಲೆಲ್ಲ ಸುದ್ದಿ.

ಗುಬ್ಬಿಯ ಆ ಭೇಟಿಯಿಂದಾಚೆ ಭಾನುವಾರಗಳು ಷಡಕ್ಷರಿಯ ಪಾಲಾದವು. ಕಾರು ಹುಡುಕೋಕೆ ಅವನ ಆಲ್ಟೋದಲ್ಲೇ ಹೊರಡುವರು. ದಾರಿಯುದ್ದಕ್ಕೂ ಅವಳು ಮಾತಾಡುವಳು, ಅವನು ರಸ್ತೆ ನೋಡುತ್ತಲೇ ಹೂಂ ಅನ್ನುವನು. ಒಂದು ಸಲವೂ ತಪ್ಪಿಸಲಿಲ್ಲ. ತುಮಕೂರಲ್ಲಿ ಬಿಳೀ ಹೆರಾಲ್ಡ್ ಕಾರು ನೋಡಿದರು. ನಾಲ್ಕು ಸೀಟು, ನಾಲ್ಕು ಜನ ನನಗೆಲ್ಲಿದಾರೆ ಅಂತ ಅವಳು ಅನುಮಾನಿಸಿದಳು. ಅವನು ಬಾನೆಟ್ಟಿಗೆ ಕಿವಿಯಿಟ್ಟು, ಇಂಜಿನ್ನಿಗೆ ದಮ್ಮಿನ ಕಾಯಿಲೆ ಇದೆ, ಬೇಡ ಅಂದ. ಅಂತರಸನಹಳ್ಳಿಯ ವರ್ಕ್‌ಶಾಪಲ್ಲಿ ಕೆಂಪು ಎಂ.ಜಿ. ಮಿಡ್ಜೆಟ್ ಸಿಕ್ಕಿತು. ನಡಿಗೆ ಕುಂಟುತ್ತೆ, ಬೇಡ ಅಂದ. ಪ್ರತಿ ಸಲ ಬೇಡ ಅಂದಾಗಲೂ ಬೇಸರವಾಗಬೇಕಿತ್ತು. ಬದಲಿಗೆ, ಇನ್ನೊಂದು ಭಾನುವಾರ ಸಿಕ್ಕಿತಲ್ಲ ಅಂತ ಅವಳ ಎದೆ ಹಗುರಾಗುವುದು. ಕಾರು ಸಿಕ್ಕ ದಿನ ಇವನು ಇರಲ್ಲ ಅನ್ನೋ ಯೋಚನೆ ಬಂದರೆ, ತಟ್ಟನೆ ಕಿಟಕಿಯಾಚೆ ನೋಡುವಳು.

ಕುಣಿಗಲ್ಲಿನಲ್ಲಿ ಕದರಯ್ಯನ ಮನೆ. ದನದ ವ್ಯಾಪಾರದಲ್ಲೇ ಹಲ್ಲುದುರಿದ ದಲ್ಲಾಳಿ. ಯಾವುದೋ ಕಾಲದಲ್ಲಿ ಒಂದು ಜೊತೆ ಎತ್ತು ಕೊಟ್ಟು ಬದಲಿಗೆ ಹೊಡಕೊಂಡು ಬಂದ ಕಾರಂತೆ. ಹಸಿರು ಸ್ಪ್ರೈಟ್. ಬಾನೆಟ್ಟಿನ ಮೇಲೆ ಕಪ್ಪೆಗಣ್ಣಿನ ಹಾಗೆ ಎದ್ದು ನಿಂತ ದೀಪಗಳು. ಯಶಸ್ವಿನಿ ಒಳಗೆ ಕೂತಳು. ತಲೆ ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ.

ಷಡಕ್ಷರಿ ಕೆಳಗೆ ಮಲಗಿ ನೋಡಿದ, ತಟ್ಟಿದ, ಸ್ಟಾರ್ಟ್ ಮಾಡಿಸಿ ಕೇಳಿದ. ಎದ್ದು ಬಂದು, ಕೆಟ್ಟ ಸುದ್ದಿ ಹೇಳುವ ಡಾಕ್ಟರ ಧ್ವನಿಯಲ್ಲಿ ಹೇಳಿದ: "ಇದಕ್ಕೆ ಏನೂ ಆಗಿಲ್ಲ."

ಅವಳು ಕಾರಿಂದಿಳಿದು ಕದರಯ್ಯನ ಕಡೆ ತಿರುಗಿದಳು.

ರೇಟ್ ಎಷ್ಟು ಅಂತ ಬಾಯಿಬಿಟ್ಟು ಕೇಳಿದ್ದಕ್ಕೆ ಕದರಯ್ಯನಿಗೆ ಸಿಟ್ಟೇ ಬಂತು. "ಬಾಯಲ್ಲಿ ಬೆಲೆ ಕಟ್ಟಿದ್ರೆ ದನ ಕೇಳಿಸ್ಕಂಡು ನೊಂದ್ಕತ್ತದೆ ತಾಯಿ. ಇದೂ ಹಂಗೇ. ಟವೆಲ್ ಕೆಳಗೆ, ಬೆರಳಲ್ಲೇ ಆಗ್ಬೇಕು." ಹೆಗಲ ಮೇಲಿನ ಟವೆಲ್ ಬಿಚ್ಚಿದ. ಹೆಣ್ಣುಮಗಳ ಕೈ ನಾನು ಹಿಡಿಯೋ ಹಂಗಿಲ್ಲ. ನನ್ನ ಬೆಲೆ ನಿನ್ನ ಯಜಮಾನ್ರ ಕೈಗೆ ಹೇಳ್ತೀನಿ, ಯಜಮಾನ್ರು ನಿನ್ನ ಕೈಗೆ ಹೇಳ್ಲಿ. ಒಪ್ಪಿಗೆ ಇಲ್ಲಾಂದ್ರೆ ಕೈ ಎಳ್ಕೊ. ಇದ್ರೆ ಬುಡ್ಬೇಡ. ಅಷ್ಟೇ ಕಾನೂನು.

ಯಜಮಾನ್ರಲ್ಲ ಅಂತ ಇಬ್ಬರೂ ಹೇಳಬಹುದಿತ್ತು. ಇಬ್ಬರೂ ಹೇಳಲಿಲ್ಲ.

ಕದರಯ್ಯನ ಬೆಲೆ ಹೊತ್ತು, ಟವೆಲ್ಲಿನ ಕತ್ತಲಲ್ಲಿ ಷಡಕ್ಷರಿಯ ಕೈ ಅವಳ ಕೈ ಹುಡುಕಿಕೊಂಡು ಬಂತು. ಒರಟು ಅಂಗೈ, ಹೆದರಿದ ಬೆರಳು. ಒಂದೊಂದೇ ಬೆರಳನ್ನು ಹಿಡಿದು ಒತ್ತಿದ. ಅವಳು ಅವನ ಮುಖ ನೋಡಿದಳು. ಅವನು ಎಲ್ಲೋ ಗೋಡೆ ನೋಡುತ್ತಿದ್ದ, ಕಿವಿ ಮಾತ್ರ ಕೆಂಪಗಾಗಿತ್ತು. ಎಳೆದುಕೊಂಡರೆ ಮುಂದಿನ ಭಾನುವಾರ ಇನ್ನೊಂದೂರು, ಇನ್ನೊಂದು ಕಾರು, ಪಕ್ಕದಲ್ಲಿ ಇವನು. ಎಳೆದುಕೋ, ಎಳೆದುಕೋ ಅಂತ ಮನಸ್ಸು ಕೂಗಿತು. ಎಷ್ಟೋ ದಿನದಿಂದ ಯಾರೂ ಮುಟ್ಟದ ಕೈ, ಮಾತು ಕೇಳಲಿಲ್ಲ.

"ಆಯ್ತು ಬುಡಿ," ಅಂದ ಕದರಯ್ಯ. "ವ್ಯಾಪಾರ ಕುದುರ್ತು."

ಕಾಗದಪತ್ರ ಮುಗಿಯಿತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದಾಯಿತು. ಆಗ ಅವಳಿಗೆ ಹೊಳೆಯಿತು: ಬಂದದ್ದು ಒಂದೇ ಕಾರಲ್ಲಿ, ಹೋಗುವುದು ಎರಡರಲ್ಲಿ. ನೀವು ಮುಂದೆ ಹೋಗಿ, ಎಲ್ಲಾದರೂ ನಿಂತರೆ ಹಿಂದೆ ನಾನಿದೀನಿ ಅಂದ ಷಡಕ್ಷರಿ. ಇನ್ನು ಭಾನುವಾರ ನಿಮಗೂ ರೆಸ್ಟು ಅಂತ ನಗೋಕೆ ನೋಡಿದ. ಸ್ಟೇರಿಂಗ್ ಹಿಡಿದು ಕೂತವಳ ಪಕ್ಕದ ಖಾಲಿ ಸೀಟು, ಇಡೀ ಕಾರಿಗಿಂತ ದೊಡ್ಡದಾಗಿ ಕಂಡಿತು.

ಅವಳು ಸ್ಟಾರ್ಟ್ ಮಾಡಲಿಲ್ಲ.

"ಡಾಕ್ಟ್ರೇ, ಆ ಹೆರಾಲ್ಡಿಗೆ ನಿಜವಾಗ್ಲೂ ದಮ್ಮಿನ ಕಾಯಿಲೆ ಇತ್ತಾ?"

"ಇರ್ಲಿಲ್ಲ."

"ಮಿಡ್ಜೆಟ್ಟು?"

"ಅದೂ ಚೆನ್ನಾಗೇ ಇತ್ತು. ಕಾರು ಸಿಕ್ಬಿಟ್ರೆ ಆಮೇಲೆ ನೀವು ನಂಗ್ಯಾಕೆ ಫೋನ್ ಮಾಡ್ತೀರಿ ಅಂತ."

"ಇದಕ್ಕೂ ಏನಾದ್ರೂ ಒಂದು ರೋಗ ಹೇಳ್ಬೋದಿತ್ತಲ್ಲ."

"ಹೇಳೋಣ ಅಂತ್ಲೇ ಕೆಳಗಿಂದ ಎದ್ದೆ. ನೀವು ಆಕಾಶ ನೋಡ್ತಾ ಕೂತಿದ್ರಿ. ಸುಳ್ಳು ಬಾಯಿಗೇ ಬರ್ಲಿಲ್ಲ."

ಅವಳು ಸ್ಟೇರಿಂಗಿಗೆ ಹೇಳುವಂತೆ ಹೇಳಿದಳು. "ನಂಗೆ ಆ ಬೆರಳಿನ ಲೆಕ್ಕ ಒಂದೂ ಅರ್ಥ ಆಗ್ಲಿಲ್ಲ. ಕಾಗದಕ್ಕೆ ಸೈನ್ ಹಾಕೋವಾಗ್ಲೇ ಬೆಲೆ ಗೊತ್ತಾಗಿದ್ದು. ನಿಮ್ಮ ಕೈ ಬಿಡೋಕಾಗ್ಲಿಲ್ಲ, ಅಷ್ಟೇ."

ಷಡಕ್ಷರಿ ಆಲ್ಟೋ ಕಡೆ ನಡೆದುಬಿಟ್ಟ. ಅವಳ ಕಣ್ಣು ಮಂಜಾಯಿತು. ಅವನು ಆಲ್ಟೋವನ್ನು ಹುಣಸೇಮರದ ನೆರಳಿಗೆ ಸರಿಸಿ, ಲಾಕ್ ಮಾಡಿ, ಕೀ ತಂದು ಕದರಯ್ಯನ ಕೈಲಿಟ್ಟ. ಮುಂದಿನ ಭಾನುವಾರದವರೆಗೆ ಇಲ್ಲೇ ಇರ್ಲಿ ಅಂದ. ಗಾಡಿ ಕೆಟ್ಟೋಯ್ತಾ ಅಂತ ಮುದುಕ ಕೇಳಿದ.

"ಚೆನ್ನಾಗೈತೆ ತಾತ. ತಗೊಂಡೋಗೋಕೆ ಬರ್ಬೇಕಲ್ಲ, ಅದಕ್ಕೆ."

"ಹೆಂಗೆ ಬತ್ತೀಯಪ್ಪ?"

ಷಡಕ್ಷರಿ ಉತ್ತರಕ್ಕಾಗಿ ಅವಳನ್ನು ನೋಡಿದ. "ನಾನು ಕರ್ಕೊಂಡು ಬರ್ತೀನಿ," ಅಂದಳು ಯಶಸ್ವಿನಿ.

ಇಬ್ಬರೂ ಹಸಿರು ಕಾರಲ್ಲಿ ಹೊರಟರು. ಕೆರೆ ಏರಿಯ ಮೇಲೆ ಗಾಳಿಯ ಅಬ್ಬರಕ್ಕೆ ಮಾತು ಕೇಳುವಂತಿರಲಿಲ್ಲ. ಗೇರ್ ಬದಲಿಸುವಾಗ ಅವಳ ಕೈ ಅವನ ಮೊಣಕಾಲಿಗೆ ತಾಗಿತು. ಅವನು ಸರಿದು ಕೂರಲಿಲ್ಲ. ಸರಿಯೋಕೆ ಆ ಕಾರಲ್ಲಿ ಜಾಗವೂ ಇರಲಿಲ್ಲ.